ವಿರೋಧ ಪಕ್ಷದ ಒಬ್ಬ ಸಂಸದ, ಒಂದು ಶುಕ್ರವಾರ, ಒಂದು ಮಸೂದೆ: ತಿರುಚ್ಚಿ ಶಿವ ಬಗ್ಗೆ ತಿಳಿಯಬೇಕಾದದ್ದು

ಮಂಗಳವಾರ, ಶುಕ್ರವಾರ ಬಂತಂದ್ರೆ ನಮ್ಮ ಹಗರಿಬೊಮ್ಮನಹಳ್ಳಿ ಬಜಾರಿನಲ್ಲಿ ಅಂಗಡಿ ಬಾಗಿಲು ತೆಗೆದು ಊದಿನಕಡ್ಡಿ ಹಚ್ಚೋ ಹೊತ್ತಿಗೆ ಪಡಲಗಿ ಹಿಡಿದ ಜೋಗತಿಯರು ಬರ್ತಾರೆ. ಹತ್ತು ರೂಪಾಯಿ ಹಾಕಿ ಭಂಡಾರ ಹಚ್ಚಿಸಿಕೊಂಡು ಕಳಿಸೋದು ಎಲ್ಲಾ ಅಂಗಡಿಯವರಿಗೂ ರೂಢಿ. ಮೊನ್ನೆ ಒಬ್ಬ ಕಿರಾಣಿ ಅಂಗಡಿ ಯಜಮಾನರು ಚಿಲ್ಲರೆ ಎಣಿಸ್ತಾ ಕೇಳಿದ್ರು: "ಇವರಿಗೂ ಒಂದು ಕಾನೂನು ಬಂದೈತಂತಲ್ಲ, ಯಾರು ಮಾಡಿಸಿದ್ದು ಅದು?"

"2019ರಲ್ಲಿ ಕೇಂದ್ರ ಸರ್ಕಾರ ಮಾಡಿದ್ದು" ಅಂದೆ. ತಪ್ಪಲ್ಲ. ಆದ್ರೆ ಪೂರ್ತಿ ಉತ್ತರವೂ ಅಲ್ಲ. ಹುಡುಕ್ತಾ ಹೋದಾಗ ಈ ಕಾನೂನಿನ ಮೊದಲ ಕರಡು ಸರ್ಕಾರದ್ದಲ್ಲ, ವಿರೋಧ ಪಕ್ಷದ ಒಬ್ಬ ರಾಜ್ಯಸಭಾ ಸದಸ್ಯರದ್ದು ಅಂತ ಗೊತ್ತಾಯ್ತು. ಅವರ ಹೆಸರು ತಿರುಚ್ಚಿ ಶಿವ, ತಮಿಳುನಾಡಿನ ಡಿಎಂಕೆ ಪಕ್ಷ. 'ವಿರೋಧ ಪಕ್ಷದವರು ಕೂಗಾಡೋದು ಬಿಟ್ಟು ಏನ್ ಮಾಡ್ತಾರೆ' ಅಂತ ಕೇಳೋರಿಗೆ ಅವರ ಕೆಲಸ ಒಂದು ಒಳ್ಳೆ ಉದಾಹರಣೆ. ಅದಕ್ಕೇ ಈ ವಿವರ.

ಮೊದಲು ರಾಜ್ಯಸಭೆ ಬಗ್ಗೆ ಎರಡು ಮಾತು

ರಾಜ್ಯಸಭೆಗೆ ನಾವು ನೇರವಾಗಿ ಓಟು ಹಾಕಲ್ಲ. ನಾವು ಗೆಲ್ಲಿಸಿದ ಎಂಎಲ್ಎಗಳು ಹಾಕ್ತಾರೆ. ಅವಧಿ 6 ವರ್ಷ. ಒಟ್ಟು 245 ಸ್ಥಾನ, ಅದರಲ್ಲಿ ಕರ್ನಾಟಕಕ್ಕೆ 12, ತಮಿಳುನಾಡಿಗೆ 18. ಲೋಕಸಭೆ ಥರ ಇದು ವಿಸರ್ಜನೆ ಆಗಲ್ಲ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಸದಸ್ಯರು ನಿವೃತ್ತಿ ಆಗ್ತಾರೆ, ಅಷ್ಟೇ. ಹಣಕಾಸು ಮಸೂದೆಯನ್ನ ಇವರು ತಡೆಯೋಕಾಗಲ್ಲ, 14 ದಿನದೊಳಗೆ ವಾಪಸ್ ಕಳಿಸಲೇಬೇಕು. ಬೇರೆ ಮಸೂದೆ ಎಲ್ಲಾ ಇಲ್ಲೂ ಪಾಸಾಗಬೇಕು.

ಸರ್ಕಾರಕ್ಕೆ ಲೋಕಸಭೆಯಲ್ಲಿ ಎಷ್ಟೇ ಬಹುಮತ ಇದ್ರೂ ರಾಜ್ಯಸಭೆಯಲ್ಲಿ ಅದು ಇರಬೇಕು ಅಂತಿಲ್ಲ. 2014ರಲ್ಲಿ ಆಗಿದ್ದು ಅದೇ. ಲೋಕಸಭೆಯಲ್ಲಿ ಬಿಜೆಪಿಗೆ ಒಂದೇ ಪಕ್ಷವಾಗಿ ಬಹುಮತ ಸಿಕ್ತು, ರಾಜ್ಯಸಭೆಯಲ್ಲಿ ಎನ್‌ಡಿಎ ಅಲ್ಪಮತದಲ್ಲೇ ಉಳೀತು. ಶಿವ ಅವರ ಕಥೆಗೆ ಈ ಒಂದು ಸಂಗತಿ ಮುಖ್ಯ.

ಯಾರು ಈ ಶಿವ?

ಹೆಸರಲ್ಲೇ ಊರಿದೆ, ತಿರುಚಿರಾಪಳ್ಳಿ. ವಿದ್ಯಾರ್ಥಿ ದಿನಗಳಿಂದಲೂ ಡಿಎಂಕೆಯವರು. 2014ರ ಲೋಕಸಭೆ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಒಂದೇ ಒಂದು ಸೀಟೂ ಬರಲಿಲ್ಲ. ಆಗ ತಮಿಳುನಾಡಿನಲ್ಲಿ ಅಧಿಕಾರ ಇದ್ದಿದ್ದೂ ಅಣ್ಣಾ ಡಿಎಂಕೆ ಹತ್ತಿರ. ಅಂದ್ರೆ ದೆಹಲಿಯಲ್ಲೂ ವಿರೋಧ ಪಕ್ಷ, ಚೆನ್ನೈಯಲ್ಲೂ ವಿರೋಧ ಪಕ್ಷ. ರಾಜ್ಯಸಭೆಯಲ್ಲಿ ಬೆರಳೆಣಿಕೆ ಸದಸ್ಯರು. ಇಂಥ ಪಕ್ಷದ ಸದಸ್ಯ ಕಾನೂನು ಮಾಡಿಸ್ತೀನಿ ಅಂದ್ರೆ ಯಾರಾದರೂ ನಗೋರೇ.

ವಿಷಯ ಮಾತ್ರ ಅವರ ಪಕ್ಷಕ್ಕೆ ಹೊಸದಲ್ಲ. 2008ರಲ್ಲಿ ಕರುಣಾನಿಧಿ ಮುಖ್ಯಮಂತ್ರಿ ಆಗಿದ್ದಾಗ ತಮಿಳುನಾಡು ಸರ್ಕಾರ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಕಲ್ಯಾಣ ಮಂಡಳಿ ಮಾಡಿತ್ತು. ಅಲ್ಲಿ ಅವರನ್ನ ಗೌರವದಿಂದ 'ತಿರುನಂಗೈ' ಅಂತ ಕರೆಯೋ ರೂಢಿ ಬಂದಿದ್ದೂ ಆ ಕಾಲದಲ್ಲೇ.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ 'ನಾಲ್ಸಾ' ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠ. ತೃತೀಯ ಲಿಂಗ ಅಂತ ಕಾನೂನಿನ ಮಾನ್ಯತೆ ಕೊಡಬೇಕು, ತನ್ನ ಲಿಂಗ ಯಾವುದು ಅಂತ ಹೇಳಿಕೊಳ್ಳೋ ಹಕ್ಕು ಆ ವ್ಯಕ್ತಿಗೇ ಇದೆ, ಸಾಮಾಜಿಕವಾಗಿ ಶೈಕ್ಷಣಿಕವಾಗಿ ಹಿಂದುಳಿದವರು ಅಂತ ಪರಿಗಣಿಸಿ ಮೀಸಲಾತಿ ಕೊಡಿ ಅಂತ ಹೇಳಿತು. ತೀರ್ಪು ಬಂತು, ಕಾನೂನು ಬರಲಿಲ್ಲ. ಅದೇ ವರ್ಷ ಡಿಸೆಂಬರ್ 12ಕ್ಕೆ ಶಿವ 'ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಮಸೂದೆ, 2014' ಅನ್ನ ರಾಜ್ಯಸಭೆಯಲ್ಲಿ ಮಂಡಿಸಿದ್ರು.

ಖಾಸಗಿ ಮಸೂದೆ ಅಂದ್ರೇನು?

'ಖಾಸಗಿ' ಅಂದ ತಕ್ಷಣ ಪ್ರೈವೇಟ್ ಕಂಪನಿ ನೆನಪಾಗೋದು ಬೇಡ. ಮಂತ್ರಿ ಅಲ್ಲದ ಯಾವ ಸದಸ್ಯ ಮಸೂದೆ ತಂದರೂ ಅದು ಖಾಸಗಿ ಮಸೂದೆ, ಆಡಳಿತ ಪಕ್ಷದವರು ತಂದರೂ ಸರಿ. ಒಂದು ತಿಂಗಳ ಮುಂಚೆ ನೋಟಿಸ್ ಕೊಡಬೇಕು. ಚರ್ಚೆಗೆ ಯಾರದ್ದು ಬರಬೇಕು ಅನ್ನೋದು ಚೀಟಿ ಎತ್ತೋದರ ಮೇಲೆ. ಸಮಯ ಸಿಗೋದು ಶುಕ್ರವಾರ ಮಧ್ಯಾಹ್ನ ಎರಡೂವರೆ ಗಂಟೆ ಮಾತ್ರ. ಅದೂ ಒಂದು ವಾರ ಮಸೂದೆಗಳಿಗೆ, ಇನ್ನೊಂದು ವಾರ ನಿರ್ಣಯಗಳಿಗೆ.

ಶುಕ್ರವಾರ ಮಧ್ಯಾಹ್ನ ಅಂದ್ರೆ ಗೊತ್ತಲ್ಲ. ಅರ್ಧ ಸದನ ಆಗಲೇ ಊರಿನ ವಿಮಾನ ಹತ್ತಿರುತ್ತೆ. ಸಂತೆ ದಿನ ಗ್ರಾಮಸಭೆ ಇಟ್ಟ ಹಾಗೆ.

ಈ ದಾರಿಯಲ್ಲಿ ಬಂದು ಎರಡೂ ಸದನ ದಾಟಿ ಕಾಯ್ದೆ ಆದದ್ದು ಸ್ವಾತಂತ್ರ್ಯ ಬಂದಾಗಿನಿಂದ ಬರೀ 14. ಕೊನೆಯದ್ದು ಆಗಿದ್ದು 1970ರಲ್ಲಿ, ಸುಪ್ರೀಂ ಕೋರ್ಟಿನ ಕ್ರಿಮಿನಲ್ ಮೇಲ್ಮನವಿ ವ್ಯಾಪ್ತಿಯನ್ನ ವಿಸ್ತರಿಸೋ ಮಸೂದೆ. ಆಮೇಲೆ ಒಂದೂ ಇಲ್ಲ. ನಮ್ಮಂಥ ಸುದ್ದಿ ಬರೆಯೋರು ನೆನಪಿಡಬೇಕಾದ ಒಂದು ಖಾಸಗಿ ಮಸೂದೆಯೂ ಆ 14ರಲ್ಲಿದೆ. ಸಂಸತ್ತಿನ ಕಲಾಪವನ್ನ ಪತ್ರಿಕೆಗಳು ಯಥಾವತ್ತಾಗಿ ವರದಿ ಮಾಡಿದ್ರೆ ಕೇಸ್ ಹಾಕೋ ಹಾಗಿಲ್ಲ ಅನ್ನೋ 1956ರ ಕಾಯ್ದೆ. ತಂದಿದ್ದು ಫಿರೋಜ್ ಗಾಂಧಿ. ತುರ್ತು ಪರಿಸ್ಥಿತಿಯಲ್ಲಿ ಅದನ್ನ ತೆಗೆದುಹಾಕಿದ್ರು, 1977ರಲ್ಲಿ ಮತ್ತೆ ತಂದ್ರು. ನಾನು ಡಿಗ್ರಿ ಅರ್ಧಕ್ಕೆ ಬಿಟ್ಟೋನು, ರಾಜ್ಯಶಾಸ್ತ್ರ ಪುಸ್ತಕದಲ್ಲಿ ಇದಿತ್ತೋ ಇಲ್ವೋ ನೆನಪಿಲ್ಲ. ಇದ್ದಿದ್ರೆ ಇನ್ನೊಂದು ಸೆಮಿಸ್ಟರ್ ಕೂರ್ತಿದ್ನೇನೋ.

ಮಸೂದೆಯಲ್ಲಿ ಏನಿತ್ತು

10 ಅಧ್ಯಾಯ, 58 ಕಲಮು. ಖಾಸಗಿ ಮಸೂದೆ ಅಂದ್ರೆ ಸಾಮಾನ್ಯವಾಗಿ ಎರಡು ಮೂರು ಪುಟ ಇರುತ್ತೆ, ಚರ್ಚೆ ಆಗಲಿ ಅಂತ ತರೋದು. ಇದು ಹಾಗಲ್ಲ, ನಾಳೆಯೇ ಜಾರಿ ಮಾಡೋಕೆ ತಯಾರಾದ ಹಾಗಿತ್ತು. ಶಿಕ್ಷಣದಲ್ಲಿ, ಸರ್ಕಾರಿ ಉದ್ಯೋಗದಲ್ಲಿ ಶೇ. 2 ಮೀಸಲಾತಿ. ರಾಷ್ಟ್ರ ಮಟ್ಟದಲ್ಲಿ ಒಂದು ಆಯೋಗ, ರಾಜ್ಯಗಳಲ್ಲಿ ಆಯೋಗ. ದೂರು ವಿಚಾರಣೆಗೆ ವಿಶೇಷ ನ್ಯಾಯಾಲಯ.

ಅದಕ್ಕಿಂತ ಮುಖ್ಯವಾದದ್ದು ಯಾರು ಟ್ರಾನ್ಸ್‌ಜೆಂಡರ್ ಅನ್ನೋ ವ್ಯಾಖ್ಯೆ. ಹುಟ್ಟಿದಾಗ ಗುರುತಿಸಿದ ಲಿಂಗಕ್ಕೂ ತನ್ನೊಳಗಿನ ಲಿಂಗಕ್ಕೂ ಹೊಂದದ ವ್ಯಕ್ತಿ, ಆಪರೇಷನ್ ಆಗಿರಲಿ ಬಿಡಲಿ, ಅಂತ ಬರೆದಿದ್ರು. ಜೊತೆಗೆ ಸಂಪ್ರದಾಯದಿಂದ ಬಂದ ಗುರುತುಗಳನ್ನೂ ಸೇರಿಸಿದ್ರು: ಕಿನ್ನರ್, ಹಿಜ್ರಾ, ಅರವಾಣಿ, ಜೋಗ್ತಾ.

ಜೋಗ್ತಾ. ನಮ್ಮ ಕಡೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹುಲಿಗೆಮ್ಮ, ಸವದತ್ತಿ ಯಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪ, ಜೋಗತಿ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಇಡೀ ದೇಶಕ್ಕೆ ಈ ಪದ ಕೇಳಿಸಿತು. ಅದಕ್ಕೂ ಮುಂಚೆ, 2014ರಲ್ಲೇ ಈ ಪದ ರಾಜ್ಯಸಭೆಯ ಮೇಜಿನ ಮೇಲಿತ್ತು. ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಇಂಥ ಸಮುದಾಯಗಳ ಪ್ರಸ್ತಾಪ ಇದೆ, ಶಿವ ಅವರೇ ಕಂಡುಹಿಡಿದ್ರು ಅಂತಲ್ಲ. ಆದ್ರೆ ತೀರ್ಪಿನ ಮಾತನ್ನ ಕಾನೂನಿನ ಕಲಮು ಮಾಡಿ ಬರೆದದ್ದು ಅವರು.

2015ರ ಏಪ್ರಿಲ್ 24, ಶುಕ್ರವಾರ

ಆ ದಿನ ಪೀಠದಲ್ಲಿ ಇದ್ದದ್ದು ಉಪಸಭಾಪತಿ ಪಿ.ಜೆ. ಕುರಿಯನ್. ಸರ್ಕಾರದ ಕಡೆಯಿಂದ ಉತ್ತರ ಕೊಟ್ಟದ್ದು ಸಾಮಾಜಿಕ ನ್ಯಾಯ ಸಚಿವ ಥಾವರ್‌ಚಂದ್ ಗೆಹ್ಲೋಟ್. ಹೌದು, 2021ರ ಜುಲೈನಲ್ಲಿ ನಮ್ಮ ರಾಜ್ಯದ ರಾಜ್ಯಪಾಲರಾಗಿ ಬಂದ್ರಲ್ಲ, ಅವರೇ.

ಸಚಿವರ ಮಾತಿನ ಸಾರಾಂಶ ಇಷ್ಟು: ಸಮಸ್ಯೆ ನಿಜ, ಕಳಕಳಿ ಒಪ್ಪುವಂಥದ್ದು, ಸರ್ಕಾರವೂ ಕೆಲಸ ಮಾಡ್ತಾ ಇದೆ, ಹಾಗಾಗಿ ಸದಸ್ಯರು ಮಸೂದೆ ವಾಪಸ್ ತಗೊಳ್ಳಬೇಕು. ಖಾಸಗಿ ಮಸೂದೆಗಳ ಚರ್ಚೆ ಬಹುತೇಕ ಹೀಗೇ ಮುಗಿಯುತ್ತೆ. ಸದಸ್ಯ ಮಂಡಿಸ್ತಾರೆ, ನಾಲ್ಕು ಜನ ಮಾತಾಡ್ತಾರೆ, ಸಚಿವರು ಭರವಸೆ ಕೊಡ್ತಾರೆ, ಸದಸ್ಯ 'ಸಚಿವರ ಭರವಸೆ ಮೇಲೆ ವಾಪಸ್ ಪಡೀತೀನಿ' ಅಂತಾರೆ. ಎಲ್ಲರೂ ಕಾಫಿಗೆ ಹೋಗ್ತಾರೆ.

ಶಿವ ವಾಪಸ್ ತಗೊಳ್ಳಲಿಲ್ಲ. ಮತಕ್ಕೆ ಹಾಕಿ ಅಂತ ಪಟ್ಟು ಹಿಡಿದ್ರು.

ಈಗ ಸರ್ಕಾರಕ್ಕೆ ಇಕ್ಕಟ್ಟು. ರಾಜ್ಯಸಭೆಯಲ್ಲಿ ಬಹುಮತ ಇಲ್ಲ, ಮೇಲಾಗಿ ಶುಕ್ರವಾರ ಮಧ್ಯಾಹ್ನ. ಡಿವಿಷನ್ ಆದ್ರೆ ಯಾರು ಪರ ಯಾರು ವಿರೋಧ ಅಂತ ಹೆಸರು ಸಮೇತ ದಾಖಲೆ ಆಗುತ್ತೆ. ಇಂಥ ವಿಷಯದಲ್ಲಿ 'ವಿರೋಧ' ಅಂತ ಗುಂಡಿ ಒತ್ತಿ ಹೆಸರು ಹಾಕಿಸಿಕೊಳ್ಳೋರು ಯಾರು? ಸಭಾನಾಯಕ ಅರುಣ್ ಜೇಟ್ಲಿ ಎದ್ದು, ಇಂಥ ವಿಷಯದಲ್ಲಿ ಸದನ ಒಡೆದು ನಿಲ್ಲಬಾರದು ಅನ್ನೋ ಅರ್ಥದ ಮಾತಾಡಿದ್ರು. ಕೊನೆಗೆ ಮಸೂದೆ ಧ್ವನಿಮತದಲ್ಲಿ, ಸರ್ವಾನುಮತದಿಂದ ಪಾಸಾಯ್ತು. ರಾಜ್ಯಸಭೆಯಲ್ಲಿ ಖಾಸಗಿ ಮಸೂದೆಯೊಂದು ಪಾಸಾಗಿ ಆಗಲೇ ಮೂರು ದಶಕದ ಮೇಲಾಗಿತ್ತು.

ಓಟಿನಲ್ಲಿ ಸೋಲಿಸಿ ಗೆದ್ದದ್ದಲ್ಲ ಇದು. 'ಓಟಿಗೆ ಹಾಕಿ' ಅನ್ನೋ ಹಕ್ಕು ಬಿಟ್ಟುಕೊಡದೆ ಕೂತದ್ದಕ್ಕೆ ಆದದ್ದು. ಸರ್ಕಾರದ ಕಡೆಯವರು ಮನಸ್ಸು ಮಾಡಿದ್ರೆ ಎಳೆದಾಡಬಹುದಿತ್ತು, ಎಳೆದಾಡಲಿಲ್ಲ ಅನ್ನೋದನ್ನೂ ಹೇಳಬೇಕು.

ಆಮೇಲೆ ಏನಾಯ್ತು?

ಮಸೂದೆ ಲೋಕಸಭೆಗೆ ಹೋಯ್ತು. ಅಲ್ಲಿ ಬಿಜು ಜನತಾದಳದ ಬೈಜಯಂತ್ ಪಾಂಡಾ ಅದನ್ನ ಕೈಗೆತ್ತಿಕೊಂಡ್ರು. 2016ರ ಫೆಬ್ರವರಿ 26ರಂದು ಚರ್ಚೆಗೆ ಬಂತು. ಅಲ್ಲೇ ನಿಂತಿತು. 2019ರಲ್ಲಿ ಲೋಕಸಭೆ ವಿಸರ್ಜನೆ ಆದಾಗ ಸತ್ತೇಹೋಯ್ತು. ನಿಯಮ ಹಾಗಿದೆ: ರಾಜ್ಯಸಭೆ ಪಾಸ್ ಮಾಡಿ ಲೋಕಸಭೆಯಲ್ಲಿ ಬಾಕಿ ಇರೋ ಮಸೂದೆ, ಲೋಕಸಭೆ ಜೊತೆಗೇ ಬಿದ್ದುಹೋಗುತ್ತೆ.

ಅಷ್ಟರಲ್ಲಿ ಸರ್ಕಾರ ತನ್ನದೇ ಮಸೂದೆ ತಂದಿತ್ತು, 2016ರ ಆಗಸ್ಟ್ 2ರಂದು ಲೋಕಸಭೆಯಲ್ಲಿ. 'ಸರ್ಕಾರವೇ ತರುತ್ತೆ' ಅಂದಿದ್ದ ಮಾತು ಒಂದು ರೀತಿ ಉಳೀತು. ಶಿವ ಅವರ ಮಸೂದೆ ಪಾಸಾಗದೇ ಇದ್ದಿದ್ರೆ ಇಷ್ಟು ಬೇಗ ಬರ್ತಿತ್ತಾ ಅಂತ ಕೇಳಿದ್ರೆ, ನನಗಂತೂ ಅನುಮಾನ.

ಬಂದದ್ದು ಮಾತ್ರ ಬೇರೆಯೇ ವಸ್ತು. ಮೀಸಲಾತಿ ಇಲ್ಲ. ಆಯೋಗ ಇಲ್ಲ, ಅದರ ಬದಲು ಒಂದು ರಾಷ್ಟ್ರೀಯ ಪರಿಷತ್ತು. ವಿಶೇಷ ನ್ಯಾಯಾಲಯ ಇಲ್ಲ. ವ್ಯಾಖ್ಯೆಯಂತೂ 'ಪೂರ್ತಿ ಹೆಣ್ಣೂ ಅಲ್ಲದ, ಪೂರ್ತಿ ಗಂಡೂ ಅಲ್ಲದ' ಅನ್ನೋ ಥರ ಶುರುವಾಗ್ತಿತ್ತು. ಜೋಗ್ತಾ, ಹಿಜ್ರಾ ಇಂಥ ಹೆಸರುಗಳು ಮಾಯ. ಗುರುತಿನ ಪತ್ರ ಬೇಕಂದ್ರೆ ಜಿಲ್ಲಾ ಮಟ್ಟದ ಸ್ಕ್ರೀನಿಂಗ್ ಕಮಿಟಿ ಮುಂದೆ ಹೋಗಬೇಕು, ಅದರಲ್ಲಿ ಡಾಕ್ಟರ್ ಇರ್ತಾರೆ, ಮನಶ್ಶಾಸ್ತ್ರಜ್ಞರು ಇರ್ತಾರೆ. ನಾನು ಯಾರು ಅಂತ ಹೇಳೋಕೆ ಕಮಿಟಿ ಯಾಕೆ ಅಂತ ಸಮುದಾಯದವರು ಬೀದಿಗಿಳಿದ್ರು.

ಇನ್ನೊಂದು ಕಲಮು ನಮ್ಮ ಬಜಾರಿಗೆ ನೇರ ಸಂಬಂಧ ಪಟ್ಟದ್ದು. ಟ್ರಾನ್ಸ್‌ಜೆಂಡರ್ ವ್ಯಕ್ತಿಯನ್ನ ಭಿಕ್ಷೆಗೆ ಬಲವಂತ ಮಾಡಿದ್ರೆ, ಪುಸಲಾಯಿಸಿದ್ರೆ 6 ತಿಂಗಳಿಂದ 2 ವರ್ಷ ಜೈಲು ಅಂತ ಇತ್ತು. ಓದೋಕೆ ಒಳ್ಳೇದೇ ಅನಿಸುತ್ತೆ. ಆದ್ರೆ ಯೋಚನೆ ಮಾಡಿ. ಮನೆಯಿಂದ ಹೊರಹಾಕಿಸಿಕೊಂಡ ಹುಡುಗನನ್ನ ಹಿರಿಯ ಜೋಗತಿ ಜೊತೆ ಕರ್ಕೊಂಡು, ಪಡಲಗಿ ಹಿಡಿಸಿ ಊರೂರು ಅಡ್ಡಾಡ್ತಾಳೆ. ಅವನಿಗೆ ಅನ್ನ ಹಾಕೋದೂ ಅವಳೇ. ಪೊಲೀಸ್ ಕಣ್ಣಿಗೆ ಅವಳು ಸಾಕಿದವಳೋ, ಪುಸಲಾಯಿಸಿದವಳೋ? ಯಲ್ಲಮ್ಮನ ಹೆಸರಿನ ಜೋಗ ಭಿಕ್ಷೆಯೋ, ಸೇವೆಯೋ? ದೆಹಲಿಯಲ್ಲಿ ಕೂತು ಕಲಮು ಬರೆಯೋರಿಗೆ ಹುಲಿಗಿ ಜಾತ್ರೆ ಗೊತ್ತಿರಲ್ಲ. ಮಸೂದೆಯನ್ನ ಕಮಿಟಿಗೆ ಕಳಿಸಿ ಅಂತ ವಿರೋಧ ಪಕ್ಷದವರು ಗೋಗರೆಯೋದು ಇಂಥದಕ್ಕೇ, ಅಲ್ಲಿ ಹೊರಗಿನ ಜನರ ಮಾತು ಕೇಳ್ತಾರೆ.

ಈ ಮಸೂದೆ ಸ್ಥಾಯಿ ಸಮಿತಿಗೆ ಹೋಯ್ತು. ಅಧ್ಯಕ್ಷರು ಬಿಜೆಪಿಯವರೇ ಆದ ರಮೇಶ್ ಬೈಸ್. 2017ರ ಜುಲೈನಲ್ಲಿ ಬಂದ ವರದಿ ಸರ್ಕಾರದ ವ್ಯಾಖ್ಯೆ ಸರಿಯಿಲ್ಲ ಅಂತ ನೇರವಾಗಿ ಹೇಳಿತು. ಮದುವೆಯಂಥ ಹಕ್ಕುಗಳ ಬಗ್ಗೆ ಮಸೂದೆ ಬಾಯಿ ಬಿಟ್ಟಿಲ್ಲ ಅಂತಲೂ ಬರೆಯಿತು. ಆಡಳಿತ ಪಕ್ಷದ ಅಧ್ಯಕ್ಷರಿದ್ದ ಸಮಿತಿಯೇ ಸರ್ಕಾರದ ಮಸೂದೆಯಲ್ಲಿ ತಪ್ಪು ಹುಡುಕಿತು, ಇದನ್ನ ಮರೀಬಾರದು.

2018ರ ಡಿಸೆಂಬರ್ 17ರಂದು ಲೋಕಸಭೆ 27 ತಿದ್ದುಪಡಿ ಜೊತೆ ಅದನ್ನ ಪಾಸ್ ಮಾಡಿತು. ರಾಜ್ಯಸಭೆಗೆ ಬರೋಷ್ಟರಲ್ಲಿ ಚುನಾವಣೆ ಬಂತು, ಅದೂ ಬಿದ್ದುಹೋಯ್ತು. 2019ರ ಜುಲೈ 19ಕ್ಕೆ ಮತ್ತೆ ಮಂಡನೆ. ಈ ಸಲ ಸ್ಕ್ರೀನಿಂಗ್ ಕಮಿಟಿ ಇರಲಿಲ್ಲ, ಭಿಕ್ಷೆಯ ಕಲಮೂ ಇರಲಿಲ್ಲ. ವ್ಯಾಖ್ಯೆ ನೋಡಿದ್ರೆ ಹುಟ್ಟಿದಾಗಿನ ಲಿಂಗಕ್ಕೆ ಹೊಂದದ ವ್ಯಕ್ತಿ, ಆಪರೇಷನ್ ಆಗಿರಲಿ ಬಿಡಲಿ, ಕಿನ್ನರ್, ಹಿಜ್ರಾ, ಅರವಾಣಿ, ಜೋಗ್ತಾ.

2014ರ ಖಾಸಗಿ ಮಸೂದೆಯನ್ನೂ 2019ರ ಕಾಯ್ದೆಯನ್ನೂ ಪಕ್ಕಪಕ್ಕ ಇಟ್ಟು ಓದಿ. ಈ ಒಂದು ಕಲಮು ಅಣ್ಣ ತಮ್ಮಂದಿರ ಹಾಗಿದೆ. ವಿರೋಧ ಪಕ್ಷದ ಬೆಂಚಿನಿಂದ ಹೊರಟ ಮಾತು ಐದು ವರ್ಷ ಸುತ್ತಾಡಿ ಸರ್ಕಾರದ ಮಸೂದೆಯಲ್ಲಿ ಬಂದು ಕೂತಿತ್ತು. ಯಾರ ಹೆಸರೂ ಅದರ ಮೇಲಿಲ್ಲ. ಹಾಗಂತ ಪೂರ್ತಿ ಶ್ರೇಯ ಶಿವ ಅವರಿಗೇ ಕೊಡೋಕಾಗಲ್ಲ. ಕೋರ್ಟಿತ್ತು, ಸಮಿತಿಯಿತ್ತು, ಬೀದಿಗಿಳಿದ ಸಮುದಾಯದವರಿದ್ರು.

2019ರ ನವೆಂಬರ್ 26: ಈ ಸಲ ಸೋಲು

ಲೋಕಸಭೆ ಅದನ್ನ ಪಾಸ್ ಮಾಡಿದ್ದು 2019ರ ಆಗಸ್ಟ್ 5ರಂದು. ಅದೇ ದಿನ ಜಮ್ಮು ಕಾಶ್ಮೀರದ 370ನೇ ವಿಧಿ ಸುದ್ದಿ, ಹಾಗಾಗಿ ಪೇಪರಿನಲ್ಲಿ ಇದು ಒಳಪುಟದಲ್ಲೂ ಬಂತೋ ಇಲ್ವೋ. ರಾಜ್ಯಸಭೆಯಲ್ಲಿ ನವೆಂಬರ್ 26, ಸಂವಿಧಾನ ದಿನ.

ಶಿವ ಎದ್ದು ಮಸೂದೆಯನ್ನ ಸೆಲೆಕ್ಟ್ ಕಮಿಟಿಗೆ ಕಳಿಸಿ ಅಂತ ನಿಲುವಳಿ ಮಂಡಿಸಿದ್ರು. ಅಂದ್ರೆ 2015ರಲ್ಲಿ ತಾನೇ ಪಾಸ್ ಮಾಡಿಸಿದ ವಿಷಯವನ್ನ ಈಗ ತಾನೇ ತಡೀತಿದ್ದಾರೆ ಅನ್ನೋ ಹಾಗೆ ಕಾಣ್ತು. ಕಾರಣ ಇತ್ತು. ಲಿಂಗ ಬದಲಾವಣೆಯ ಪತ್ರಕ್ಕೆ ಆಪರೇಷನ್ ದಾಖಲೆ ಕೇಳೋ 7ನೇ ಕಲಮು ಹಾಗೇ ಇತ್ತು. ಮೀಸಲಾತಿ ಬಂದಿರಲಿಲ್ಲ. ಶಿಕ್ಷೆಯ ವಿಷಯ ಇನ್ನೂ ವಿಚಿತ್ರ. ಟ್ರಾನ್ಸ್‌ಜೆಂಡರ್ ವ್ಯಕ್ತಿ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ರೆ ಈ ಕಾಯ್ದೆಯಲ್ಲಿ ಹೆಚ್ಚೆಂದ್ರೆ 2 ವರ್ಷ. ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದ್ರೆ ಕನಿಷ್ಠವೇ 10 ವರ್ಷ. ಒಂದೇ ಅಪರಾಧಕ್ಕೆ ಎರಡು ತಕ್ಕಡಿ.

ನಿಲುವಳಿಗೆ ಮತ ಹಾಕಿದ್ರು, ಬಿದ್ದುಹೋಯ್ತು. 2015ರ ಲೆಕ್ಕ ಈಗ ಸದನದಲ್ಲಿ ಇರಲಿಲ್ಲ. ಮಸೂದೆ ಪಾಸಾಯ್ತು, ಡಿಸೆಂಬರ್ 5ಕ್ಕೆ ರಾಷ್ಟ್ರಪತಿ ಸಹಿ, 2020ರ ಜನವರಿ 10ರಿಂದ ಜಾರಿ. ಆಗಲೂ ಖಾತೆ ಗೆಹ್ಲೋಟ್ ಅವರ ಬಳಿಯೇ ಇತ್ತು.

ಎಪಿಎಂಸಿ ಕಥೆಯಲ್ಲೂ ಇದೇ ಹೆಸರು

ನಮ್ಮ ವ್ಯಾಪಾರಸ್ಥರು, ರೈತರು ಶಿವ ಅವರ ಹೆಸರು ಕೇಳಿರೋ ಸಾಧ್ಯತೆ ಇರೋದು ಇಲ್ಲಿ. 2020ರ ಸೆಪ್ಟೆಂಬರ್ 20, ಭಾನುವಾರ. ಕೃಷಿ ಮಸೂದೆಗಳು ರಾಜ್ಯಸಭೆಗೆ ಬಂದ ದಿನ. ಎಪಿಎಂಸಿ ಹೊರಗೆ ಶುಲ್ಕವಿಲ್ಲದೆ ವ್ಯಾಪಾರ ಮಾಡೋಕೆ ಬಿಡೋದು ಒಂದು, ಒಪ್ಪಂದ ಕೃಷಿಯದ್ದು ಇನ್ನೊಂದು. ಇವನ್ನ ಸೆಲೆಕ್ಟ್ ಕಮಿಟಿಗೆ ಕಳಿಸಿ ಅಂತ ಕೇಳಿದವರಲ್ಲಿ ಶಿವ ಕೂಡ ಒಬ್ಬರು.

ಪೀಠದಲ್ಲಿದ್ದ ಉಪಸಭಾಪತಿ ಹರಿವಂಶ್ ಧ್ವನಿಮತಕ್ಕೆ ಹಾಕಿದ್ರು. ವಿರೋಧ ಪಕ್ಷದವರು ಡಿವಿಷನ್ ಕೇಳಿದ್ರು, ಕೊಡಲಿಲ್ಲ. ಸದಸ್ಯ ತನ್ನ ಸೀಟಿನಲ್ಲಿ ನಿಂತು ಡಿವಿಷನ್ ಕೇಳಿದ್ರೆ ಕೊಡಬೇಕು ಅನ್ನೋದು ಸದನದ ಪದ್ಧತಿ. ಕೇಳಿದವರು ಸೀಟಿನಲ್ಲಿ ಇರಲಿಲ್ಲ ಅನ್ನೋದು ಪೀಠದ ಕಡೆಯ ಮಾತು. ಆಮೇಲೆ ಪತ್ರಿಕೆಗಳು ಸದನದ ಟಿವಿ ದೃಶ್ಯ ಪರಿಶೀಲಿಸಿದಾಗ ಶಿವ ಸೀಟಿನಿಂದಲೇ ಕೇಳಿದ್ದು ಕಂಡಿತು. ಅದಕ್ಕೆ ಹರಿವಂಶ್, ಡಿವಿಷನ್ ಆಗಬೇಕಂದ್ರೆ ಸದನ ಶಾಂತವಾಗಿಯೂ ಇರಬೇಕು ಅಂತ ಉತ್ತರ ಕೊಟ್ರು. ಸದನ ಆ ಹೊತ್ತಿಗೆ ಶಾಂತ ಇರಲಿಲ್ಲ, ಅದೂ ನಿಜ. ನಿಯಮ ಪುಸ್ತಕ ಹರಿಯೋಕೆ ಹೋದವರಿದ್ರು, ಮೈಕ್ ಕಿತ್ತವರಿದ್ರು.

ಮಾರನೇ ದಿನ 8 ಸದಸ್ಯರನ್ನ ಅಮಾನತು ಮಾಡಿದ್ರು. ಅದರಲ್ಲಿ ನಮ್ಮ ಬಳ್ಳಾರಿಯ ಸಯ್ಯದ್ ನಾಸಿರ್ ಹುಸೇನ್ ಇದ್ರು. ಸೀಟಿನಲ್ಲೇ ನಿಂತು ಕೇಳಿದ್ದ ಶಿವ ಅವರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ.

ಕಮಿಟಿಯಲ್ಲಿ ಆಗಬೇಕಿದ್ದ ಚರ್ಚೆ ದೆಹಲಿ ಗಡಿಯ ಹೆದ್ದಾರಿ ಮೇಲೆ ಒಂದು ವರ್ಷಕ್ಕೂ ಹೆಚ್ಚು ನಡೀತು. 2021ರ ನವೆಂಬರ್ 29ಕ್ಕೆ ಅದೇ ಸಂಸತ್ತು ಆ ಕಾಯ್ದೆಗಳನ್ನ ರದ್ದು ಮಾಡಿತು, ಆಗಲೂ ಚರ್ಚೆ ಇಲ್ಲದೆ. ಕಮಿಟಿಗೆ ಹೋಗಿದ್ರೆ ಏನಾಗ್ತಿತ್ತು ಅಂತ ಹೇಳೋಕೆ ಆಗಲ್ಲ. ಕಾಯ್ದೆ ಬೇಕು ಅನ್ನೋರೂ ಬೇಡ ಅನ್ನೋರೂ ನಮ್ಮ ಎಪಿಎಂಸಿ ಯಾರ್ಡಿನಲ್ಲೇ ಇದ್ರು. ಆದ್ರೆ ಇಬ್ಬರ ಮಾತೂ ದಾಖಲೆಗೆ ಹೋಗ್ತಿತ್ತು.

ನಮ್ಮ ರಾಜ್ಯದ ಮೇಲ್ಮನೆಯಲ್ಲೂ ಇದೇ ಅಸ್ತ್ರ ಬಳಕೆ ಆಗಿದೆ, ಪಕ್ಷ ಉಲ್ಟಾ. 2023ರ ಜುಲೈನಲ್ಲಿ ಕಾಂಗ್ರೆಸ್ ಸರ್ಕಾರ ಎಪಿಎಂಸಿ ತಿದ್ದುಪಡಿ ಮಸೂದೆ ತಂದಾಗ ವಿಧಾನ ಪರಿಷತ್ತಿನಲ್ಲಿ ವಿರೋಧ ಪಕ್ಷದವರ ಸಂಖ್ಯೆ ಜಾಸ್ತಿ ಇತ್ತು. ಬಿಜೆಪಿ, ಜೆಡಿಎಸ್ ಸೇರಿ ಅದನ್ನ ಪರಿಶೀಲನಾ ಸಮಿತಿಗೆ ಕಳಿಸುವ ಹಾಗೆ ಮಾಡಿದ್ವು. ದೆಹಲಿಯಲ್ಲಿ 'ಕಮಿಟಿ ಯಾಕೆ' ಅಂದವರು ಬೆಂಗಳೂರಲ್ಲಿ 'ಕಮಿಟಿ ಬೇಕು' ಅಂದ್ರು. ದೆಹಲಿಯಲ್ಲಿ 'ಬೇಕು' ಅಂದವರು ಇಲ್ಲಿ 'ಯಾಕೆ' ಅಂದ್ರು. ಕೂರೋ ಜಾಗ ಬದಲಾದ್ರೆ ಮಾತೂ ಬದಲಾಗುತ್ತೆ.

ನಮ್ಮ ತಾಲೂಕಿಗೆ ಇದರಿಂದ ಏನು?

2011ರ ಜನಗಣತಿಯಲ್ಲಿ ಲಿಂಗದ ಕಾಲಂನಲ್ಲಿ 'ಇತರೆ' ಅಂತ ಬರೆಸಿದವರು ದೇಶದಲ್ಲಿ 4,87,803. ಕರ್ನಾಟಕದಲ್ಲಿ 20,266. ಬರೆಸದೇ ಇದ್ದವರ ಲೆಕ್ಕ ಬೇರೆ. ಮನೆಯವರೇ ಗಣತಿಯವರ ಮುಂದೆ ಹೇಳಲ್ಲ.

ಶೇ. 2 ಮೀಸಲಾತಿ ಕೇಂದ್ರದ ಕಾಯ್ದೆಯಲ್ಲಿ ಬರಲಿಲ್ಲ ಅಂದೆನಲ್ಲ, ಕರ್ನಾಟಕದಲ್ಲಿ ಸ್ವಲ್ಪ ಬಂತು. ಪೊಲೀಸ್ ನೇಮಕಾತಿಗೆ ಬರೀ ಗಂಡು, ಹೆಣ್ಣು ಅಂತ ಅರ್ಜಿ ಕರೆದಿದ್ದನ್ನ ಪ್ರಶ್ನೆ ಮಾಡಿ ಬೆಂಗಳೂರಿನ ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋಯ್ತು. ಕೇಸ್ ನಡೀತಿರುವಾಗಲೇ ರಾಜ್ಯ ಸರ್ಕಾರ 2021ರ ಜುಲೈನಲ್ಲಿ ನೇಮಕಾತಿ ನಿಯಮ ತಿದ್ದಿ ಎಲ್ಲಾ ವರ್ಗಗಳ ಒಳಗೂ ಶೇ. 1 ಸಮತಲ ಮೀಸಲಾತಿ ಕೊಟ್ಟಿತು. ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದೇ. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ ಆಯ್ಕೆ ಪಟ್ಟಿ ಬಂದಾಗ ಅದರಲ್ಲಿ ಮೂವರು ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿದ್ರು. ಶಿವ ಅವರ ಮಸೂದೆಯಲ್ಲಿ ಸತ್ತ ಕಲಮು ಇಲ್ಲಿ ಬೇರೆ ದಾರಿಯಲ್ಲಿ ಹುಟ್ಟಿತು ಅನ್ನಬಹುದು.

ಗುರುತಿನ ಪತ್ರದ ವಿಷಯ. 2020ರ ನಿಯಮಗಳ ಪ್ರಕಾರ ಅರ್ಜಿ ಹೋಗೋದು ಜಿಲ್ಲಾಧಿಕಾರಿಗೆ, ಅಫಿಡವಿಟ್ ಜೊತೆ. ಮೆಡಿಕಲ್ ಪರೀಕ್ಷೆ ಬೇಡ, 30 ದಿನದಲ್ಲಿ ಪತ್ರ ಕೊಡಬೇಕು ಅಂತಿತ್ತು. ಆನ್‌ಲೈನ್ ಅರ್ಜಿಗೆ ಆ ವರ್ಷದ ನವೆಂಬರಿನಲ್ಲಿ ರಾಷ್ಟ್ರೀಯ ಪೋರ್ಟಲ್ ಶುರುವಾಯ್ತು. ಮೊದಲು ನಮ್ಮವರು ಡಿಸಿ ಆಫೀಸಿಗೆ ಅಂತ ಬಳ್ಳಾರಿಗೆ ಹೋಗಬೇಕಿತ್ತು, ವಿಜಯನಗರ ಜಿಲ್ಲೆ ಆದಮೇಲೆ ಹೊಸಪೇಟೆಗೆ ಹೋದ್ರೆ ಸಾಕು. ಈ ಪತ್ರ ಇಟ್ಟುಕೊಂಡೇ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹೆಸರು, ಲಿಂಗ ಬದಲಿಸಿಕೊಳ್ಳೋದು. ರಾಜ್ಯ ಸರ್ಕಾರದ 'ಮೈತ್ರಿ' ಮಾಸಾಶನ ಇದೆ, ಅದಕ್ಕೆ ನಾಡಕಚೇರಿಯಲ್ಲಿ ವಿಚಾರಿಸಬಹುದು. ನಿಯಮಗಳು ಆಗಾಗ ಬದಲಾಗ್ತವೆ, ಅರ್ಜಿ ಹಾಕೋ ಮುಂಚೆ ಕೌಂಟರ್‌ನಲ್ಲಿ ಒಮ್ಮೆ ಕೇಳಿಕೊಳ್ಳಿ.

ಅಂಗಡಿಯವರಿಗೂ ಒಂದು ಮಾತು. 2019ರ ಕಾಯ್ದೆಯ 3ನೇ ಕಲಮಿನ ಪ್ರಕಾರ ಸಾರ್ವಜನಿಕರಿಗೆ ಇರೋ ಸರಕು, ಸೇವೆಯನ್ನ ಟ್ರಾನ್ಸ್‌ಜೆಂಡರ್ ಅನ್ನೋ ಕಾರಣಕ್ಕೆ ನಿರಾಕರಿಸೋ ಹಾಗಿಲ್ಲ. ಬಾಡಿಗೆ ಮನೆಗೂ, ಕೆಲಸಕ್ಕೆ ತಗೊಳ್ಳೋದಕ್ಕೂ ಇದೇ. ಹೋಟೆಲಿನಲ್ಲಿ ಊಟಕ್ಕೆ ಕೂತವರನ್ನ ಎಬ್ಬಿಸೋದು, ಲಾಡ್ಜಿನಲ್ಲಿ ರೂಮ್ ಇಲ್ಲ ಅನ್ನೋದು, ಇವೆಲ್ಲಾ ಇದರೊಳಗೆ ಬರ್ತವೆ. ಕುಟುಂಬದವರು ಮನೆಯಿಂದ ಹೊರಹಾಕೋ ಹಾಗಿಲ್ಲ ಅಂತ 12ನೇ ಕಲಮು ಹೇಳುತ್ತೆ.

ಓದಬೇಕು ಅನ್ನೋರಿಗೆ

ರಾಜ್ಯಸಭೆಯಲ್ಲಿ ಯಾರು ಏನು ಮಾತಾಡಿದ್ರು ಅನ್ನೋದು ಅದರ ವೆಬ್‌ಸೈಟಿನಲ್ಲಿ ದಿನಾಂಕದ ಪ್ರಕಾರ ಸಿಗುತ್ತೆ, ದುಡ್ಡು ಕೊಡಬೇಕಿಲ್ಲ. 24-04-2015 ಮತ್ತು 26-11-2019, ಈ ಎರಡು ದಿನದ್ದು ತೆಗೆದು ನೋಡಿ. ಇಂಗ್ಲಿಷ್, ಹಿಂದಿ ಮಿಶ್ರ ಇರುತ್ತೆ, ಸ್ವಲ್ಪ ತಾಳ್ಮೆ ಬೇಕು. ನಮ್ಮ ರಾಜ್ಯದ 12 ಸದಸ್ಯರು ಕೇಳಿದ ಪ್ರಶ್ನೆಗಳೂ ಅದರಲ್ಲೇ ಹೆಸರಿನ ಪ್ರಕಾರ ಸಿಗ್ತವೆ. ರಾಜ್ಯಸಭೆಯಲ್ಲಿ ದಿನಕ್ಕೆ ಮೌಖಿಕ ಉತ್ತರಕ್ಕೆ ತಗೊಳ್ಳೋದು 15 ಪ್ರಶ್ನೆ, ಬಾಕಿಯವಕ್ಕೆ ಲಿಖಿತ ಉತ್ತರ.

ಕಿರಾಣಿ ಅಂಗಡಿ ಯಜಮಾನರಿಗೆ ಹೋದ ಶುಕ್ರವಾರ ಇದನ್ನೆಲ್ಲಾ ಹೇಳಿದೆ. ಪೂರ್ತಿ ಕೇಳಿ, "ಹಂಗಾದ್ರೆ ನಮ್ಮ 12 ಮಂದಿ ಯಾರ್ಯಾರು?" ಅಂದ್ರು. ನಾನು ಐದು ಹೆಸರು ಹೇಳಿ ತಡವರಿಸಿದೆ. ಪಟ್ಟಿ ಮಾಡಿ ತಂದು ಕೊಡ್ತೀನಿ ಅಂತ ಹೇಳಿ ಬಂದಿದ್ದೀನಿ.